ಎಳೆದು ನೋಡದ ಬೀಗ

ಮಾರ್ಚ್ ೯, ಸೋಮವಾರ
ಪ್ರಯೋಗಾಲಯದ ಊಟದ ಕೋಣೆಯಿಂದ

ನನ್ನ ಗುಬ್ಬಿಗೆ, ಅಕ್ಕನ ಅಕ್ಕರೆಗಳು.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಅಪ್ಪ ಹೋಗಿ ವರ್ಷ ತುಂಬಿದರೂ ಬೆಳಿಗ್ಗೆ ಏಳಕ್ಕೆ ಮಾತ್ರೆಡಬ್ಬಿ ಗಲಗಲ ಎನ್ನುವುದು ಕೇಳಿಸುತ್ತದೆ, ಅಡುಗೆಮನೆಗೆ ಹೋಗಲು ಕಾಲೇ ಬರುವುದಿಲ್ಲ ಎಂದು ಬರೆದಿದ್ದೀಯ. ಕೆಲಸದ ಪಾಳಿಯ ಗಡಿಬಿಡಿಯಲ್ಲಿ ಮೂರು ಸಲ ಮಾತ್ರೆ ಕೊಡಲು ಮರೆತೆ, ಅದಕ್ಕೇ ಅಪ್ಪ ಉಳಿಯಲಿಲ್ಲ ಎಂದು ಇನ್ನೂ ಹಲುಬುತ್ತೀಯ. ಅವತ್ತು "ನಾನೇ ಕೊಂದೆ" ಅಂತ ನೀನು ಎದೆ ಬಡಿದುಕೊಂಡಾಗ ನಾನು ಬೆನ್ನು ಸವರಿದೆನೇ ಹೊರತು ಬಾಯಿ ಬಿಡಲಿಲ್ಲ. ಇವತ್ತು ಬಿಡುತ್ತೇನೆ.

ನನ್ನ ಕೆಲಸ ನಿನಗೆ ಗೊತ್ತು. ನುಂಗಿದ ಔಷಧಿ ಕರುಳಿನ ಗೋಡೆ ದಾಟಿ ರಕ್ತ ಸೇರುತ್ತದೆಯೇ ಎಂದು ನೋಡುವುದು. ತಟ್ಟೆಯ ತೆಳು ಜಾಲರಿಯ ಮೇಲೆ ಕರುಳಿನ ಜೀವಕೋಶಗಳನ್ನು ಇಪ್ಪತ್ತೊಂದು ದಿನ ಸಾಕುತ್ತೇವೆ. ಅವು ಒತ್ತಿಕೊಂಡು ಗೋಡೆಯಾದ ಮೇಲೆ ಔಷಧಿ ಹಾಕಿ, ಕೆಳಗೆ ಎಷ್ಟು ಇಳಿಯಿತೆಂದು ಅಳೆಯುತ್ತೇವೆ. ಆ ಕೋಶಗಳನ್ನು ಕೊಟ್ಟ ಮನುಷ್ಯ ಸತ್ತು ಎಷ್ಟು ಕಾಲವಾಯಿತೋ. ಅವು ಮಾತ್ರ ಇಂದಿಗೂ ದಿನ ಬಿಟ್ಟು ದಿನ ಊಟ ಕೇಳುತ್ತವೆ.

ಇದನ್ನು ಹೇಳಿದಾಗ ಅಪ್ಪ, ಮೂವತ್ತು ವರ್ಷ ಕಾರ್ಖಾನೆಯ ಗೇಟು ಕಾದವರಲ್ಲವೇ, "ಹಂಗಾದ್ರೆ ಅವೂ ನಮ್ಮ ಕೆಲಸದವೇ ಅನ್ನು, ಪಾಸ್ ಇಲ್ದೆ ಯಾರನ್ನೂ ಒಳಗೆ ಬಿಡಲ್ಲ" ಎಂದು ನಕ್ಕಿದ್ದರು. ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡದೆ ಅವರು ಎಂದೂ ಹೊರಟವರಲ್ಲ. ನಮ್ಮಲ್ಲೂ ಹಾಗೆಯೇ. ಔಷಧಿ ಹಾಕುವ ಮುನ್ನ ವಿದ್ಯುತ್ ಮೀಟರಿನ ಕಡ್ಡಿಗಳನ್ನು ಅದ್ದಿ, ಅದು ತೋರಿಸುವ ಅಂಕಿಯಿಂದ ಗೋಡೆಯಲ್ಲಿ ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ನಿನ್ನ ಮದುವೆಯ ಹಿಂದಿನ ದಿನ ಹೊಸ ಮಾತ್ರೆಯೊಂದರ ಪರೀಕ್ಷೆಯಿತ್ತು. ಬಸ್ಸಿಗೆ ಹೊತ್ತಾಗಿತ್ತು. ಕಡ್ಡಿ ಅದ್ದದೆ ಮುನ್ನಾದಿನದ ಅಂಕಿಯನ್ನೇ ಬರೆದೆ. ಔಷಧಿ ಸರಾಗವಾಗಿ ಇಳಿಯಿತು, ಎಲ್ಲರೂ ಬೆನ್ನು ತಟ್ಟಿದರು. ಅದು ಗೋಡೆ ದಾಟಿರಲಿಲ್ಲ ಗುಬ್ಬಿ, ಬಿರುಕಿನಿಂದ ಸೋರಿತ್ತು.

ಅದೇ ಮಾತ್ರೆ ಎರಡು ವರ್ಷದ ಮೇಲೆ ಆಸ್ಪತ್ರೆಗೆ ಪ್ರಯೋಗಕ್ಕೆ ಬಂತು. ಸೂಜಿಯೆಂದರೆ ಆಗದ ಅಪ್ಪ ಕೇಳಿದ ಕೂಡಲೇ ಹೆಸರು ಕೊಟ್ಟರು. ಕಾಯಿಲೆಗೆ ಮೊದಲಿನಿಂದ ಕೊಡುತ್ತಿದ್ದ ಇಂಜೆಕ್ಷನ್ನೇ ಇರಲಿ ಎಂದು ನೀನು ಹಟ ಹಿಡಿದೆ. "ದೊಡ್ಡವಳು ಕಣ್ಣಾರೆ ನೋಡಿದಾಳೆ, ನಿಂದೊಂದು" ಎಂದು ಅವರು ನಿನ್ನ ಬಾಯಿ ಮುಚ್ಚಿಸಿದರು. ಆ ಅಂಕಿ ನನಗೆ ನೆನಪಾಯಿತು. ಆದರೂ ಹೂಂ ಎಂದೆ.

ಕಳೆದ ತಿಂಗಳು ಯಾರಿಗೂ ಹೇಳದೆ ಬಿರುಕಿಲ್ಲವೆಂದು ಅಳೆದು ನೋಡಿದ ಮೂರು ತಟ್ಟೆಗಳ ಮೇಲೆ ಆ ಮಾತ್ರೆಯನ್ನು ಮತ್ತೆ ಪರೀಕ್ಷಿಸಿದೆ. ಒಂದರಲ್ಲೂ ಔಷಧಿ ಇಳಿಯಲಿಲ್ಲ. ನೀನು ಆ ಮೂರು ಮಾತ್ರೆ ಕೊಟ್ಟಿದ್ದರೂ ಅಷ್ಟೇ, ಮುನ್ನೂರು ಕೊಟ್ಟಿದ್ದರೂ ಅಷ್ಟೇ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ.

ಕೋಶಗಳನ್ನಿಡುವ ಪೆಟ್ಟಿಗೆಯ ಬಾಗಿಲು ತೆರೆದರೆ ಮನುಷ್ಯನ ಮೈಯಷ್ಟೇ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಅಪ್ಪನ ಅಂಗೈ ಹೀಗೇ ಬೆಚ್ಚಗಿರುತ್ತಿತ್ತು. ಬಾಗಿಲು ಹಾಕಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ, ಹಿಂದಿನಿಂದ ಯಾರೋ ಹಿಡಿಕೆ ಎಳೆದು ನೋಡಿದ ಸದ್ದು. ತಿರುಗಿದರೆ ಯಾರೂ ಇಲ್ಲ. ದಿನಾ ಹೀಗೆ. ನನಗೆ ಹೆದರಿಕೆಯಾಗುತ್ತದೆ ಗುಬ್ಬಿ.

ನಾಳೆ ಬೆಳಿಗ್ಗೆ ಎಲ್ಲವನ್ನೂ ನಮ್ಮ ಮುಖ್ಯಸ್ಥರಿಗೆ ಬರೆದುಕೊಡುತ್ತೇನೆ. ಮೊದಲು ನಿನಗೆ ತಿಳಿಯಲಿ ಅನ್ನಿಸಿತು. ನೀನು ಅಡುಗೆಮನೆಗೆ ಹೋಗು, ಒಲೆ ಹಚ್ಚು, ಹೊಟ್ಟೆತುಂಬ ಉಣ್ಣು.

ನಿನ್ನವಳೆಂದು ಹೇಳಿಕೊಳ್ಳಲು ನಾಚುವ,
ಅಕ್ಕ

ಮರೆತದ್ದಲ್ಲ, ಬರೆಯಲು ಕೈ ಬಾರದ್ದು: ಆಸ್ಪತ್ರೆಯ ಪ್ರಯೋಗದಲ್ಲಿರುವ ರೋಗಿಗಳ ರಕ್ತದ ಸೀಸೆಗಳೂ ನಮ್ಮಲ್ಲಿಗೇ ಬರುತ್ತವೆ. ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಅಪ್ಪನ ಮಾತ್ರೆಡಬ್ಬಿಯ ಮುಚ್ಚಳದ ಮೇಲೆ ಹದಿನೇಳು ಎಂದಿತ್ತಲ್ಲ? ಹದಿನೇಳನೆಯ ಸೀಸೆಯನ್ನು ಅಳೆದವಳು ನಾನೇ. ಅದರಲ್ಲಿ ಔಷಧಿಯೇ ಇರಲಿಲ್ಲ. ಅಪ್ಪ ಹೋಗುವುದಕ್ಕೆ ಇನ್ನೂ ಹನ್ನೊಂದು ದಿನವಿತ್ತು, ಇಂಜೆಕ್ಷನ್‌ಗೆ ಮರಳಲು ಸಮಯವಿತ್ತು. ಬಾಯಿ ಬಿಟ್ಟರೆ ನನ್ನ ಹಳೆಯ ಅಂಕಿ ಹೊರಗೆ ಬರುತ್ತಿತ್ತು. ಆ ಸಂಜೆ ನಿನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಮಾತ್ರೆ ಒಂದೂ ತಪ್ಪಿಸ್ತಿಲ್ಲ ತಾನೇ ನೀನು?"