ಮಡಚಿದ ಮುಖ

ಮೇ ೧೪, ಬುಧವಾರ

ರಾಣಿಯ ಶಾಲಿನ ಕತೆಯನ್ನು ನನಗೆ ಹೇಳಿದ್ದು ನಮ್ಮತ್ತೆ ರುಕ್ಮಿಣಮ್ಮ, ನಿನ್ನೆ ಸಂಜೆ, ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಸುಮ್ಮನಾದಾಗ.

ಪುಟ್ಟಲಕ್ಷ್ಮಮ್ಮ ಬಂದಿದ್ದರು. ಭಾನುವಾರ ಮಗಳ ಮದುವೆ. ತೀರಿಕೊಂಡ ಗಂಡ ಬೈಲಪ್ಪನವರ ಮುಖವನ್ನು ಬಟ್ಟೆಗೆ ಅಚ್ಚು ಹಾಕಿಸಿ, ನೆಂಟರಿಗೆ ಹಂಚಲು ನನ್ನ ಕೈಲಿ ಮಡಚುವ ಬೀಸಣಿಗೆ ಮಾಡಿಸಿದ್ದಾರೆ. ಒಂದನ್ನು ಬಿಚ್ಚಿ ತೋರಿಸಿದೆ, ನಕ್ಕರು. ಮಡಚಿದೆ. ಮೂಗಿನ ಮೇಲೇ ನೆರಿಗೆ ಬಿತ್ತು.

“ಅವರನ್ನ ಹಿಂಗೆ ಮಡಚಿಬಿಟ್ಯಲ್ಲೇ ತಾಯಿ,” ಅಂದರು.

ಬಿಚ್ಚಿದಾಗ ಚೆಂದ ಕಾಣಲೆಂದು ಮುಖವನ್ನು ನಡುವೆ ಹಾಕಿಸಿದ್ದು ನಾನೇ. ಮುಚ್ಚಿದಾಗ ಏನಾಗುತ್ತದೆಂದು ಯೋಚಿಸಲೇ ಇಲ್ಲ.

ಆಗ ಅತ್ತೆ ಕತೆ ತೆಗೆದರು. ಒಬ್ಬ ನೇಕಾರ ರಾಣಿಗೆ ಅವಳ ಸತ್ತ ಮಗುವಿನ ಮುಖವನ್ನು ಶಾಲಿನಲ್ಲಿ ನೇಯ್ದುಕೊಟ್ಟನಂತೆ. ಮಡಚಿದರೆ ಮಗುವಿಗೆ ನೋವಾದೀತೆಂದು ಅವಳು ಅದನ್ನು ಕಿಟಕಿಗೆ ಹರವಿಯೇ ಇಟ್ಟಳಂತೆ. ಬಿಸಿಲಿಗೆ ಬಣ್ಣ ಹೋಗಿ ಬರೀ ಬಟ್ಟೆ ಉಳಿಯಿತಂತೆ.

“ಪೆಟ್ಟಿಗೇಲಿ ಮಡಚಿಟ್ಟಿದ್ರೆ ಮಗು ಇರ್ತಿತ್ತು ಕಣಮ್ಮ.”

ಪುಟ್ಟಲಕ್ಷ್ಮಮ್ಮ ಎದ್ದುಹೋದರು.

ಇವತ್ತು ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಬಂದು, ಒಂದು ಬೀಸಣಿಗೆಯನ್ನು ತಾವೇ ಮೆಲ್ಲಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಮಿಕ್ಕಿದ್ದು ಏನ್ಮಾಡ್ಲಿ?” ಅಂದೆ.

ಅಷ್ಟರಲ್ಲಿ ಅವರು ಬೀದಿಗಿಳಿದಿದ್ದರು. ಮೇಜಿನ ತುಂಬ ಬೈಲಪ್ಪನವರು ನನ್ನನ್ನೇ ನೋಡುತ್ತಿದ್ದಾರೆ. ಮಡಚಲು ಕೈ ಬರುತ್ತಿಲ್ಲ.