ಹತ್ತಕ್ಕೆ ಒಂಬತ್ತು

ಹುಲಸೂರ,
ಮಾರ್ಗಶಿರ ಶುದ್ಧ ಪಂಚಮಿ, 1941

ಹುಮನಾಬಾದಿನ ಇಂಗ್ಲಿಷ್ ಮಾಸ್ತರರಿಗೆ ಗಯಾಬಾಯಿಯ ಶರಣು.

ಪ್ರತಿ ಸಲ ನೀವು ಕಲಿಸಿದಂತೆ ‘ಮೈ ಡಿಯರ್ ಹಸ್ಬಂಡ್’ ಎಂದು ಶುರು ಮಾಡುತ್ತಿದ್ದೆ. ಈ ಹೊತ್ತು ಅದನ್ನು ಬರೆಯಲು ಕೈ ಏಳುತ್ತಿಲ್ಲ. ಮಾಸ್ತರಿಕೆಯನ್ನು ಮಾತ್ರ ನೀವು ಒಂದು ಕೂದಲೆಳೆ ತಪ್ಪದಂತೆ ಮಾಡಿದ್ದೀರಿ, ಆದ್ದರಿಂದ ಆ ಹೆಸರೇ ನಿಮಗಿರಲಿ. ಪತ್ರ ಕನ್ನಡದಲ್ಲಿದೆ. ತಿದ್ದಲೆಂದು ಕೆಂಪು ಮಸಿ ತೆಗೆದಿದ್ದರೆ ದೌತಿಯನ್ನು ಮುಚ್ಚಿಡಿ. ಅಂಚೆಗೆ ಹಾಕಿದರೆ ಇದನ್ನೂ ವಾರದ ಪಾಠವೆಂದುಕೊಂಡೀರಿ ಎಂದು ತಮ್ಮ ಬಂಡೆಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ.

ನನ್ನ ಅವ್ವ ಹೋದಳು. ನಿನ್ನೆ ಮಣ್ಣಾಯಿತು.

ಈಗ ಬೆಚ್ಚಿಬೀಳಬೇಡಿ. ನಿಮಗೆ ನಾನು ಎರಡು ಸಲ ತಿಳಿಸಿದ್ದೇನೆ. ಎರಡು ಸಲವೂ ನೀವು ಮಾರ್ಕು ಹಾಕಿ ಕಳಿಸಿದ್ದೀರಿ.

ನನ್ನನ್ನು ಕಲ್ಯಾಣದಲ್ಲಿ ಅತ್ತೆಯವರ ಬಳಿ ಬಿಟ್ಟು ಹುಮನಾಬಾದಿನ ಶಾಲೆಗೆ ಹೊರಟಾಗ ನೀವು ಹಾಕಿದ ಕರಾರು ನೆನಪಿದೆಯೇ? ನಾಳೆ ಸೋಲಾಪುರದಲ್ಲಿ ನೌಕರಿ ಸಿಕ್ಕರೆ ಹೆಂಡತಿ ದೊಡ್ಡ ಮಂದಿಯ ಎದುರು ಮೂಕಿಯಂತೆ ನಿಲ್ಲಬಾರದು ಎಂದಿರಿ. ವಾರಕ್ಕೊಂದು ಹಾಳೆ, ಹಾಳೆಗೆ ಹತ್ತು ಇಂಗ್ಲಿಷ್ ಶಬ್ದ. ಒಂದೊಂದಕ್ಕೂ ನಾನು ಅರ್ಥ ಬರೆಯಬೇಕು, ಅದೇ ಅರ್ಥದ ಇನ್ನೊಂದು ಶಬ್ದ ಹುಡುಕಬೇಕು, ವಿರುದ್ಧ ಶಬ್ದ ಕೊಡಬೇಕು, ಕೊನೆಗೆ ಸ್ವಂತ ವಾಕ್ಯ ಮಾಡಬೇಕು. ಕನ್ನಡದ ಒಂದಕ್ಷರ ಕಂಡರೂ ಹಾಳೆ ಹಿಂದಕ್ಕೆ. ಯುಗಾದಿಗೆ ‘ಹೇಗಿದ್ದೀರಿ’ ಎಂದು ಕನ್ನಡದಲ್ಲಿ ಒಂದೇ ಸಾಲು ಬರೆದದ್ದಕ್ಕೆ ಇಡೀ ಹಾಳೆಯನ್ನು ಓದದೆ ವಾಪಸು ಕಳಿಸಿದಿರಿ. ಹೇಗಿದ್ದೀರೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಹಾಗೆಂದು ನನಗೆ ಆ ಹಾಳೆಗಳು ಬೇಸರವಾಗಿರಲಿಲ್ಲ. ಸುಳ್ಳೇಕೆ ಹೇಳಲಿ, ಆಸೆಯೇ ಇತ್ತು. ಒಂದು ಶಬ್ದಕ್ಕೆ ಅಣ್ಣತಮ್ಮಂದಿರೂ ಇರುತ್ತಾರೆ, ವೈರಿಗಳೂ ಇರುತ್ತಾರೆ ಎಂಬುದು ಎಷ್ಟು ಖುಷಿ ಕೊಡುತ್ತಿತ್ತು! ರೊಟ್ಟಿ ತಟ್ಟುತ್ತ ‘ಬಿಗ್, ಲಾರ್ಜ್, ಸ್ಮಾಲ್’ ಎಂದು ಗುನುಗಿದರೆ ಅತ್ತೆಯವರು, ‘ಏನವಾ, ರೊಟ್ಟಿಗಿ ಮಂತ್ರ ಹಾಕಾಕತ್ತೀ ಏನು?’ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಬಂಡೆಪ್ಪ ಬಂಡಿ ಕಟ್ಟಿಕೊಂಡು ಬಂದ. ‘ಅವ್ವ ಹಾಸಿಗಿ ಹಿಡದಾಳ. ನಿನ್ನ ಹೆಸರ ಹಿಡದು ಕರ್ಯಾಕತ್ತಾಳ, ನಡಿ ಅಕ್ಕಾ’ ಎಂದ. ಅತ್ತೆಯವರು ಒಪ್ಪಲಿಲ್ಲ. ‘ಮಗಾ ಹೂಂ ಅನ್ನದ ಸೊಸೀನ ಹ್ಯಾಂಗ ಕಳಸ್ಲಿ? ಮದಲ ಅವನ ಕಾಗದ ಬರ್ಲಿ’ ಎಂದರು. ಬಂಡಿ ಬರಿದೇ ತಿರುಗಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಡೆದುಕೊಂಡು ಬಂದ ರೀತಿಯೇ ಅದು.

ಆ ವಾರದ ನಿಮ್ಮ ಹಾಳೆಯಲ್ಲಿ ‘ಇಲ್’ ಇತ್ತು, ‘ಪರ್ಮಿಟ್’ ಇತ್ತು, ‘ಅರ್ಜೆಂಟ್’ ಇತ್ತು. ದೇವರೇ ಒದಗಿಸಿಕೊಟ್ಟ ಎಂದುಕೊಂಡೆ, ಹುಚ್ಚಿ. ನನ್ನ ತಾಯಿಗೆ ಜಡ್ಡಾಗಿದೆ, ಹುಲಸೂರಕ್ಕೆ ಹೋಗಲು ಅಪ್ಪಣೆ ಕೊಡಿ, ಬಹಳ ಅವಸರವಿದೆ ಎಂದು ಒಂದರ ಕೆಳಗೊಂದು ಇಂಗ್ಲಿಷಿನಲ್ಲಿ ಬರೆದೆ. ಬರೆದು, ಜೀವ ಕೈಯಲ್ಲಿ ಹಿಡಿದುಕೊಂಡು ಕಾದೆ.

ಬಂತು ಹಾಳೆ. ‘ಇಲ್’ ಸರಿ, ವಿರುದ್ಧ ಶಬ್ದ ‘ವೆಲ್’ ಸರಿ, ‘ಪರ್ಮಿಟ್’ ಎಂಬುದಕ್ಕೆ ‘ಅಲೌ’ ಸರಿ, ‘ಫರ್ಬಿಡ್’ ಸರಿ. ಹತ್ತಕ್ಕೆ ಒಂಬತ್ತು. ಒಂದು ಯಾಕೆ ಕಡಿದಿರಿ? ಹುಲಸೂರದ ಹೆಸರಿಗೆ ದೊಡ್ಡಕ್ಷರ ಹಾಕಿರಲಿಲ್ಲವಂತೆ! ಕೆಳಗೆ ಕೆಂಪು ಮಸಿಯಲ್ಲಿ ಒಂದು ಶಹಬ್ಬಾಸ್: ವಾಕ್ಯಗಳು ನಿಜವೆನ್ನುವಷ್ಟು ಜೀವಂತವಾಗಿವೆ.

ಅತ್ತೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ‘ಏನ್ ಬರದಾನ? ಹೋಗಂತಾನೇನು?’ ‘ಇಲ್ರೀ, ಹತ್ತಕ್ಕ ಒಂಬತ್ತು ಕೊಟ್ಟಾರ’ ಎಂದೆ. ‘ಒಂಬತ್ತು ಏನು ಕೊಟ್ಟಾನ?’ ಎಂದು ಕೇಳಿದರು.

ಮರುದಿನವೇ ಮತ್ತೆ ಬರೆದೆ. ಅವೇ ಸಾಲುಗಳು, ಈ ಸಲ ಊರಿಗೆ ದೊಡ್ಡಕ್ಷರ ಹಾಕಿ. ಕೊನೆಗೆ, ಇದು ಪಾಠವಲ್ಲ, ನಿಜ ಎಂದು ‘ಟ್ರೂ’ ಶಬ್ದವನ್ನು ಎರಡು ಸಲ ಬರೆದು ಅಡಿಗೆರೆ ಎಳೆದೆ. ನೀವು ಅಲ್ಲಿಂದ ಉತ್ತರ ಕೊಟ್ಟಿರಿ: ‘ಟ್ರೂ’ ಈ ವಾರದ ಶಬ್ದವಲ್ಲ, ಆದರೂ ಪ್ರಯೋಗ ಚೆನ್ನಾಗಿದೆ, ಒಮ್ಮೆ ಬರೆದರೆ ಸಾಕಿತ್ತು.

ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು, ಈಗಲೂ ಉರಿಯುತ್ತಿದೆ. ನಿಮ್ಮ ಹೆಂಡತಿಗೆ ಒಬ್ಬ ತಾಯಿ ಇದ್ದಾಳೆ, ಅವಳ ಊರು ಹುಲಸೂರ ಎಂಬುದು ನಿಮಗೆ ಒಂದು ಗಳಿಗೆಯೂ ಹೊಳೆಯಲಿಲ್ಲವೇ? ಮದುವೆಯಲ್ಲಿ ನೀವು ಸಾಕು ಸಾಕು ಅಂದರೂ ಹೋಳಿಗೆಯ ಮೇಲೆ ತುಪ್ಪ ಸುರಿದ ಬಾಳಮ್ಮ ನಿಮಗೆ ಬರೀ ‘ಇಲ್’ ಶಬ್ದದ ಉದಾಹರಣೆಯಾದಳೇ? ನಾನು ಬರೆದದ್ದರಲ್ಲಿ ತಪ್ಪು ಹುಡುಕಲು ಅಷ್ಟು ಕಣ್ಣು ಕೀಲಿಸಿದಿರಿ, ಬರೆದವಳು ಅಳುತ್ತಿದ್ದಾಳೆಂದು ಕಾಣಲಿಲ್ಲ. ಇನ್ನೊಬ್ಬರ ಮನೆಯ ಹುಡುಗಿ ಹೀಗೆ ಬರೆದಿದ್ದರೂ ಒಂದು ಮಾತು ಕೇಳುತ್ತಿದ್ದಿರಿ.

ನಾನು ತಡವಾಗಿ ಬಂದು ಮುಟ್ಟಿದೆ. ಅವ್ವನ ಮಾತು ನಿಂತಿತ್ತು. ಹೆಸರು ಹಿಡಿದು ಕರೆದಾಗ ನಾನಿರಲಿಲ್ಲ, ನಾನು ಬಂದಾಗ ಕರೆಯಲು ಅವಳಿಗೆ ಆಗಲಿಲ್ಲ. ಆ ದಿನಗಳನ್ನು ನೀವು ಯಾವ ಡಿಕ್ಷನರಿಯಿಂದ ತೆಗೆದುಕೊಡುತ್ತೀರಿ?

ಇಂಗ್ಲಿಷಿನ ಮೇಲೆ ನನಗೆ ಮುನಿಸಿಲ್ಲ, ಅದನ್ನು ಬಿಡುವುದೂ ಇಲ್ಲ. ಆದರೆ ನಿಮ್ಮ ಹಾಳೆಗೆ ಇನ್ನು ಉತ್ತರ ಬರೆಯುವುದಿಲ್ಲ. ನೀವು ಇಲ್ಲಿಗೆ ಬನ್ನಿ. ನನ್ನ ಅಪ್ಪ ಮಾಣಿಕಪ್ಪನ ಎದುರು ನೆಲದ ಮೇಲೆ ಕುಳಿತು, ನಿಮ್ಮ ಮಗಳು ಅತ್ತದ್ದು ನನಗೆ ಕೇಳಿಸಲಿಲ್ಲ ಎಂದು ಕನ್ನಡದಲ್ಲಿ, ನಿಮ್ಮ ಬಾಯಿಂದ ಹೇಳಿ. ಹೇಳಿದರೆ ನಿಮ್ಮ ಹಿಂದೆ ಕಲ್ಯಾಣಕ್ಕೆ ಬರುತ್ತೇನೆ. ಇಲ್ಲವಾದರೆ ಈ ಮನೆಯಲ್ಲೇ ಅಪ್ಪನಿಗೆ ರೊಟ್ಟಿ ಮಾಡಿ ಹಾಕಿಕೊಂಡು ಇರುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಬಾಳಮ್ಮನ ಮಗಳು,
ಗಯಾಬಾಯಿ

ತಾ.ಕ.: ಅಪ್ಪಣೆಯಿಲ್ಲದೆ ಹೇಗೆ ಹೊರಟೆನೆಂದು ಹೇಳಿಲ್ಲ. ಆ ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ. ನಿಮ್ಮ ಎರಡನೆಯ ಹಾಳೆಯನ್ನು ಅತ್ತೆಯವರ ಎದುರು ಹಿಡಿದು ಗಟ್ಟಿಯಾಗಿ ಓದಿದೆ. ‘ಅವ್ವಾ, ಗಯಾನ್ನ ಈಗಿಂದೀಗ ಕಳಸ್ರಿ. ಹಾದ್ಯಾಗ ಹಸೀಬಾರ್ದು, ಬುತ್ತಿ ಕಟ್ಟಿಕೊಡ್ರಿ. ನಾನೂ ರಜಾ ಹಾಕಿ ಸೀದಾ ಹುಲಸೂರಕ್ಕ ಹೊಂಟೀನಿ.’ ಕೆಂಪು ಗೀಟುಗಳ ಮೇಲೆ ಬೆರಳಾಡಿಸುತ್ತ ಓದಿದೆ, ಎಲ್ಲಿಯೂ ತಡವರಿಸಲಿಲ್ಲ. ಅತ್ತೆಯವರು ಕಣ್ಣೊರೆಸಿಕೊಂಡು, ‘ನನ್ನ ಮಗಾ ಭೀಮಶಾಂದು ಭಾಳ ದೊಡ್ಡ ಮನಸ್ಸು’ ಎಂದು ತಾವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು, ಓಣಿಯ ಏಕನಾಥನ ಬಂಡಿ ಹೂಡಿಸಿದರು. ನಾಳೆ ಮೂರನೆಯ ದಿನಕ್ಕೆ ಅವರು ಬರುತ್ತಾರೆ, ಮಗ ಇಲ್ಲೇ ಇದ್ದಾನೆಂದು ನಂಬಿಕೊಂಡು. ನನ್ನ ಅವ್ವನಿಗೂ ಅದನ್ನೇ ಹೇಳಿದ್ದೆ. ‘ನಿನ್ನ ಅಳಿಯ ಹಾದ್ಯಾಗ ಇದ್ದಾರವಾ, ಈಗ ಬರ್ತಾರ’ ಎಂದೆ. ಮಾತು ನಿಂತಿದ್ದರೂ ಅವಳಿಗೆ ಕೇಳಿಸುತ್ತಿತ್ತು. ನನ್ನ ಕಡೆಗಿದ್ದ ಮುಖವನ್ನು ಬಾಗಿಲ ಕಡೆ ಹೊರಳಿಸಿದಳು. ಕೊನೆಯವರೆಗೂ ಅತ್ತಲೇ ನೋಡುತ್ತಿದ್ದಳು.