ಮಧ್ಯಾಹ್ನದ ಮಾತ್ರೆ

ಮಾರ್ಚ್ 3, ಮಂಗಳವಾರ

ಎರಡು ಜೊತೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸಿದೆ. ಹೊಟ್ಟೆ ಮೆಷಿನ್ನಿಗೆ ತಾಗುತ್ತದೆ. ಕನ್ನಡಕದಂಗಡಿಯ ಮಾಲೀಕರಿಗೆ ನಗು — "ನಿಮ್ಮ ಮಗು ಈಗ್ಲೇ ಕೆಲಸಕ್ಕೆ ಸೇರ್ಕೊಂಡಿದೆ."

ಸಂಜೆ ಡಾಕ್ಟರಮ್ಮ. ಮೂವತ್ತಾರನೇ ವಾರ. ಅತ್ತೆ ಹೊರಗೆ ಬೆಂಚಿನ ಮೇಲೆ. ಒಳಗೆ ನನಗೆ ಮಾತ್ರೆ ಬರೆದರು. ಎಸೈಕ್ಲೋವಿರ್ ನಾನೂರು, ದಿನಕ್ಕೆ ಮೂರು ಸಲ, ಹೆರಿಗೆಯವರೆಗೂ. ಹರ್ಪಿಸ್, ಆ ಗುಳ್ಳೆ ರೋಗ, ನನಗೆ ಮದುವೆಗೆ ಮುಂಚಿನದು. ಇವರಿಗೆ ಹೇಳಿಯೇ ಮದುವೆಯಾದದ್ದು. ಅತ್ತೆಗೆ ಗೊತ್ತಿಲ್ಲ. ಇಷ್ಟು ವರ್ಷ ಕೆಳಗೆ ಚುರುಗುಟ್ಟಿದ ಕೂಡಲೇ ಶುರು ಮಾಡಿ ಐದು ದಿನ ನುಂಗುತ್ತಿದ್ದೆ, ಅಷ್ಟೇ.

"ಈಗ ಏನೂ ಇಲ್ವಲ್ಲ ಡಾಕ್ಟ್ರೇ?"

"ಬರಬಾರ್ದು ಅಂತಾನೇ ಕೊಡ್ತಿರೋದು. ಹೆರಿಗೆ ಹೊತ್ತಲ್ಲಿ ಗುಳ್ಳೆ ಇದ್ರೆ ಮಗುಗೆ ಅಂಟಬಹುದು. ಎಳೆ ಕೂಸಿನ ಜೀವಕ್ಕೇ ಅಪಾಯ. ಆಗ ಆಪರೇಷನ್ನೇ ಮಾಡ್ಬೇಕಾಗುತ್ತೆ."

ಆಮೇಲೆ ಅವರು ಹೇಳಿದ್ದು ಕೇಳಿ ದಂಗಾದೆ. ಬೆನ್ನಿನ ಬುಡದಲ್ಲಿ, ನರದೊಳಗೆ ವೈರಸ್ಸು ಮಲಗಿರುತ್ತದಂತೆ. ಮಾತ್ರೆ ಅದನ್ನು ಓಡಿಸುವುದಿಲ್ಲ. ಮಾತ್ರೆ ಸುಮ್ಮನೆ ರಕ್ತದಲ್ಲಿ ಸುತ್ತುತ್ತಿರುತ್ತದೆ. ವೈರಸ್ಸು ಎದ್ದ ಕಡೆ ಮಾತ್ರ, ವೈರಸ್ಸೇ ಮಾತ್ರೆಗೆ ಜೀವ ಕೊಡುತ್ತದೆ. ಕೊಟ್ಟ ಮೇಲೆ ತನ್ನ ನಕಲು ಮಾಡಿಕೊಳ್ಳಲು ಅದಕ್ಕೇ ಆಗುವುದಿಲ್ಲ. ಕಳ್ಳನೇ ಹೋಗಿ ಪೊಲೀಸನನ್ನು ಎಬ್ಬಿಸಿದ ಹಾಗೆ! ಯಾರ ತಲೆಗೆ ಹೊಳೆಯಿತೋ ಇದು. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ನೋಡಿದೆ. ನೋಡಿದರೆ ಇಷ್ಟೇ ಇಷ್ಟು.

ಮಾರ್ಚ್ 9, ಸೋಮವಾರ

ಮಧ್ಯಾಹ್ನದ್ದೇ ಕಷ್ಟ. ಅತ್ತೆ ಅಂಗಡಿಗೆ ಡಬ್ಬಿ ತರುತ್ತಾರೆ. ತಿಂದು ಮುಗಿಸುವವರೆಗೂ ಎದುರಿಗೇ. ಏನು ಮಾತ್ರೆ ಅಂದರೆ?... ಇವತ್ತೂ ಬಿಟ್ಟೆ. ರಾತ್ರಿ ಎರಡು ಒಟ್ಟಿಗೆ ನುಂಗಿ ಸರಿ ಮಾಡಿಕೊಂಡೆ.

"ಅಮ್ಮಂಗೆ ಹೇಳ್ಬಿಡು" ಅಂದರು ಇವರು. ಡ್ರೈವರ್ ಸಾಹೇಬರಿಗೆ ಸುಲಭ ನೋಡಿ, ಬಸ್ಸು ಓಡಿಸಿದಷ್ಟು!

ಮಾರ್ಚ್ 12, ಗುರುವಾರ

ಎದ್ದಾಗಲೇ ಚುರುಚುರು. ಎಡಗಡೆ. ಅದೇ.

ಫೋನಿನಲ್ಲಿ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಎರಡು ಒಟ್ಟಿಗೆ ತಗೊಂಡ್ರೆ ಬಿಟ್ಟಿದ್ದು ತುಂಬಲ್ಲಮ್ಮ. ಅದು ಮೈಯಲ್ಲಿ ತುಂಬ ಹೊತ್ತು ನಿಲ್ಲಲ್ಲ, ಅದಕ್ಕೇ ಮೂರು ಸಲ ಅಂದಿದ್ದು. ಮರೆತ್ರೆ ನೆನಪಾದಾಗ ತಗೊಳ್ಳಿ. ಮುಂದಿನದ್ದರ ಹೊತ್ತಾಗಿದ್ರೆ ಅದೊಂದೇ ಸಾಕು. ನಾಳೆ ಬನ್ನಿ, ನೋಡ್ತೀನಿ."

ಮಧ್ಯಾಹ್ನ ಅತ್ತೆ ಡಬ್ಬಿ ಬಿಚ್ಚಿದರು. ಮುಚ್ಚಳದ ಮೇಲೆ ಮಾತ್ರೆ!

"ಪೊಟ್ಟಣದ ಮೇಲೆ ಮೂರು ಹೊತ್ತು ಅಂತ ಬರ್ದಿದೆ. ಬೆಳಿಗ್ಗೆ ನುಂಗ್ತೀಯ, ರಾತ್ರಿ ನುಂಗ್ತೀಯ. ಮಧ್ಯಾಹ್ನ ಮಾತ್ರ ನನ್ನ ಮುಖ ನೋಡಿ ಬಿಡ್ತೀಯ. ನನಗೇನು ಕಣ್ಣಿಲ್ವಾ? ಏನ್ ಔಷಧ ಅಂತ ಕೇಳಲ್ಲ. ನುಂಗು ಮೊದ್ಲು."

ನುಂಗಿದೆ. ತಡೆಯಲಾಗಲಿಲ್ಲ, ಎಲ್ಲ ಹೇಳಿದೆ. ಅತ್ತೆ ಮುಚ್ಚಳ ಒರೆಸಿದ್ದೇ ಒರೆಸಿದ್ದು.

"ಮಗೂಗೆ ಏನೂ ಆಗಲ್ಲ ತಾನೆ?"

"ಮಾತ್ರೆ ತಪ್ಪಿಸದೇ ಇದ್ರೆ ಭಯ ತುಂಬ ಕಡಿಮೆಯಂತೆ ಅತ್ತೆ."

"ಹಾಗಾದ್ರೆ ಮಧ್ಯಾಹ್ನದ್ದು ನನ್ನ ಜವಾಬ್ದಾರಿ. ಊಟ ಮಾಡು, ಆರಿ ಹೋಯ್ತು."

ಅತ್ತೆಗೆ ಹೆದರಿ ನನ್ನ ಕೂಸನ್ನೇ ಪಣಕ್ಕಿಟ್ಟಿದ್ದೆನಲ್ಲ.

ಮಾರ್ಚ್ 20, ಶುಕ್ರವಾರ

ಎದ್ದದ್ದು ಎರಡೇ ಗುಳ್ಳೆ. ಒಣಗಿ ಉದುರಿದವು. ಒಳಗೆ ಎಲ್ಲೋ ಒಂದು ಯುದ್ಧ ನಡೆದು ಮುಗಿಯಿತು, ನಾನು ಗಾಜು ಉಜ್ಜುತ್ತಾ ಕೂತಿದ್ದೆ.

ಮಾರ್ಚ್ 28, ಶನಿವಾರ

ಅತ್ತೆಗೆ ಜ್ವರ ಬಂದು ಇಳಿದಿದೆ. ತುಟಿಯಂಚಿನಲ್ಲಿ ಗುಳ್ಳೆ. ಚಿಕ್ಕಂದಿನಿಂದ ಹೀಗೇ ಬರುತ್ತದಂತೆ. ಡಾಕ್ಟರಮ್ಮ ನೋಡಿದವರೇ, "ಇದೂ ಹರ್ಪಿಸ್ಸೇ. ನಿಮ್ಮದು ಮುಖದ ನರದಲ್ಲಿ ಮಲಗಿರುತ್ತೆ. ಮಗು ಹುಟ್ಟಿದ್ರೂ ಇದು ವಾಸಿಯಾಗೋವರೆಗೂ ಹತ್ರ ಹೋಗ್ಬೇಡಿ. ಮುತ್ತಂತೂ ಕೂಡದು" ಅಂದರು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ನಕ್ಕರು. "ಅಲ್ಲ ಕಣೇ, ನಂದು ಅಕ್ಕ, ನಿಂದು ತಂಗಿ!" ರಸ್ತೆಯಲ್ಲೇ ನಿಂತು ನಕ್ಕೆವು. ಅರವತ್ತು ವರ್ಷ ಅವರೊಳಗೆ ಮಲಗಿ ಏಳುತ್ತಾ ಇದೆ, ಅವರಿಗೆ ಹೆಸರೂ ಗೊತ್ತಿರಲಿಲ್ಲ.

ಮಾರ್ಚ್ 31, ಸಂಜೆ

ಬೆಳಗ್ಗೆ ನೋವು. ಡಾಕ್ಟರಮ್ಮ ಲೈಟು ಹಾಕಿ ಮೂಲೆಮೂಲೆ ನೋಡಿದರು. ಅಷ್ಟು ಹೊತ್ತು ನೋವೇ ಮರೆತುಹೋಗಿತ್ತು. "ಏನೂ ಇಲ್ಲ. ಮಾಮೂಲಿ ಹೆರಿಗೇನೇ ಆಗ್ಲಿ."

ಹೆಣ್ಣು. ಎಲ್ಲ ಚೆನ್ನಾಗಿದೆಯಂತೆ. ರೆಪ್ಪೆಯ ಒಂದೊಂದು ಕೂದಲೂ ಬೇರೆ ಬೇರೆ! ನಾನು ಮಾಡಿದ್ದಲ್ಲ ಇದು, ನನ್ನೊಳಗೆ ಆದದ್ದು...

ಅತ್ತೆ ಬಾಗಿಲ ಹತ್ತಿರವೇ. ಮಾಸ್ಕು. ಎರಡೂ ಕೈ ಹಿಂದೆ ಕಟ್ಟಿಕೊಂಡು. "ಅಲ್ಲಿಂದ್ಲೇ ತೋರ್ಸು ಸಾಕು."

ಏಪ್ರಿಲ್ 9, ಗುರುವಾರ

ಅತ್ತೆಯ ತುಟಿ ಪೂರ್ತಿ ವಾಸಿ. ಡಾಕ್ಟರಮ್ಮ ಸರಿ ಅಂದರು, ಆದರೂ ಮುತ್ತು ಮುಖಕ್ಕೆ ಬೇಡ, ಪಾದಕ್ಕೆ ಕೊಡಲಿ ಅಂದರು. ಅತ್ತೆ ಕೈ ತೊಳೆದು ಬಂದರು. ಮತ್ತೆ ಹೋಗಿ ತೊಳೆದು ಬಂದರು. ಹೊದಿಕೆ ಸರಿಸಿದೆ. ಬಗ್ಗಿದವರು ಅರ್ಧಕ್ಕೇ ನಿಂತರು.

"ಭಯ ಆಗುತ್ತೆ ಕಣೇ."

"ನಾನಿದ್ದೀನಿ. ಕೊಡಿ ಅತ್ತೆ."

ಕಣ್ಣು ಮುಚ್ಚಿಕೊಂಡರು. ಕೂಸು ಕಾಲು ಎಳೆದುಕೊಳ್ಳಲಿಲ್ಲ, ಹಾಗೇ ಚಾಚಿತ್ತು. ಅತ್ತೆ ಇನ್ನಷ್ಟು ಬಗ್ಗಿ ಅಂಗಾಲಿಗೆ ಮುತ್ತಿಟ್ಟರು.